ಗಡಿಯಲ್ಲಿ ತಡೆದ ಮಾವಿನಹಣ್ಣು

ಬಂಧುಗಳ ಮನೆಗೆ ಬರಿಗೈಯಲ್ಲಿ ಹೋಗಬಾರದೆಂಬುದು ನಮ್ಮಲ್ಲಿ ತಲೆತಲಾಂತರದಿಂದ ನಡೆದುಬಂದ ಪದ್ಧತಿ. ಅಮೆರಿಕದಲ್ಲಿರುವ ಮಕ್ಕಳನ್ನು ನೋಡಲು ಬೇಸಗೆಯಲ್ಲಿ ಬೆಂಗಳೂರಿನಿಂದ ಹೊರಡುವ ತಾಯ್ತಂದೆಯರ ಪೆಟ್ಟಿಗೆಯಲ್ಲಿ, ಚಟ್ನಿಪುಡಿ ಸೀರೆಗಳ ನಡುವೆ, ನಾಲ್ಕು ಬಾದಾಮಿ ಮಾವು ಇರುವುದು ಸೋಜಿಗವಲ್ಲ. ಆದರೆ ಸ್ಯಾನ್ ಫ್ರಾನ್ಸಿಸ್ಕೊ ವಿಮಾನ ನಿಲ್ದಾಣದ ಸುಂಕದ ಕಟ್ಟೆಯನ್ನು ಆ ಹಣ್ಣು ದಾಟಲಾರದು.

ಅಮೆರಿಕದ ನಿಲ್ದಾಣಗಳಲ್ಲಿ ಈ ಕಾವಲಿಗೆ ಬೀಗಲ್ ಜಾತಿಯ ನಾಯಿಗಳೂ ಉಂಟು. 1984ರಲ್ಲಿ ಲಾಸ್ ಏಂಜಲೀಸಿನಲ್ಲಿ ಆರಂಭವಾದ ಏರ್ಪಾಡಿದು. ಹಣ್ಣಿನ ವಾಸನೆ ಸಿಕ್ಕಿದರೆ ಅವು ಬೊಗಳುವುದಿಲ್ಲ. ಚೀಲದ ಪಕ್ಕದಲ್ಲಿ ಸುಮ್ಮನೆ ಕುಳಿತುಬಿಡುತ್ತವೆ. ಸಾಲಿನಲ್ಲಿ ನನ್ನ ಮುಂದಿದ್ದ ವೃದ್ಧೆಯೊಬ್ಬರು, ಅಧಿಕಾರಿ ಕೇಳಿದೊಡನೆ ಮುಚ್ಚಿಡದೆ ಹಣ್ಣುಗಳನ್ನು ತೋರಿಸಿದರು. ಅವನ್ನು ತೆಗೆದಿಟ್ಟುಕೊಂಡು, ದಂಡವಿಲ್ಲದೆ ಅವರನ್ನು ಕಳುಹಿಸಿದರು. "ನಾಲ್ಕು ಹಣ್ಣಿನಿಂದ ಇವರ ದೇಶಕ್ಕೇನು ಕೇಡಪ್ಪಾ?" ಎಂದು ಆಕೆ ನನ್ನನ್ನು ಕೇಳಿದರು.

ಉತ್ತರ ದೂರವಿರಲಿಲ್ಲ. ನಿಲ್ದಾಣದಿಂದ ದಕ್ಷಿಣಕ್ಕೆ ಹೋದರೆ ಸಾಂಟಾ ಕ್ಲಾರಾ ಕಣಿವೆ. ಇಂದು ಗಣಕಯಂತ್ರಗಳಿಗೆ ಹೆಸರಾಗಿ, ಅನೇಕ ಕನ್ನಡ ಕುಟುಂಬಗಳಿಗೆ ಮನೆಯಾಗಿರುವ ಈ ಸೀಮೆ ಹಿಂದೆ ಹಣ್ಣಿನ ತೋಟಗಳ ನಾಡಾಗಿತ್ತು. 1980ರಲ್ಲಿ ಇಲ್ಲಿ ಮೆಡಿಟರೇನಿಯನ್ ಹಣ್ಣುನೊಣ ಕಾಣಿಸಿಕೊಂಡಿತು. ಹಣ್ಣಿನ ಸಿಪ್ಪೆಯಡಿ ಮೊಟ್ಟೆಯಿಡುವ ಈ ಕೀಟಕ್ಕೆ 250ಕ್ಕೂ ಹೆಚ್ಚು ಬಗೆಯ ಹಣ್ಣು ತರಕಾರಿಗಳು ಆಹಾರ. ಮನೆಮನೆಯ ಹಿತ್ತಲಲ್ಲಿ ಹಣ್ಣು ಕೀಳಿಸಿದರು. 1981ರಲ್ಲಿ ಜನವಸತಿಯ ಮೇಲೆಯೇ ಇರುಳಿನಲ್ಲಿ ಹೆಲಿಕಾಪ್ಟರುಗಳಿಂದ ಮೆಲಾಥಿಯಾನ್ ಸಿಂಪಡಿಸಿದರು. ಪೀಡೆ ತೊಲಗಿದ್ದು 1982ರಲ್ಲಿ. ವೆಚ್ಚ ಸುಮಾರು 10 ಕೋಟಿ ಡಾಲರ್.

ನಮ್ಮ ಮಾವಿನ ಮೇಲಣ ಸಂಶಯವೂ ನಿರಾಧಾರವಲ್ಲ. ಓಟೆಯೊಳಗೆ ಬೆಳೆಯುವ ಮೂತಿಹುಳು ಕಾಯಿ ಎಳೆಯದಾಗಿದ್ದಾಗಲೇ ಒಳಹೊಕ್ಕಿರುತ್ತದೆ. ಗಾಯ ಮಾಗಿ, ಹೊರಗೆ ಗುರುತೇ ಉಳಿಯುವುದಿಲ್ಲ. ಆದುದರಿಂದಲೇ 2007ರಲ್ಲಿ ಅಮೆರಿಕ ಭಾರತದ ಮಾವಿಗೆ ಬಾಗಿಲು ತೆರೆದಾಗ, ಹಣ್ಣನ್ನು ವಿಕಿರಣಕ್ಕೊಡ್ಡಿ ಕಳುಹಿಸಬೇಕೆಂಬ ನಿಯಮವಿಟ್ಟಿತು. ಪೆಟ್ಟಿಗೆಯಲ್ಲಿಟ್ಟ ಮನೆಯ ಹಣ್ಣಿಗೆ ಆ ಸಂಸ್ಕಾರವೆಲ್ಲಿ?

ಈ ಕಟ್ಟು ಪರದೇಶೀಯರಿಗೆ ಮಾತ್ರವೆಂದು ಬಗೆಯಬೇಡಿ. ನೆವಾಡಾದಿಂದ ಕ್ಯಾಲಿಫೋರ್ನಿಯಾಕ್ಕೆ ಬರುವ ಹೆದ್ದಾರಿಯಲ್ಲಿ, ಟ್ರಕೀ ಎಂಬ ಗಿರಿಪಟ್ಟಣದ ಬಳಿ, ಅಮೆರಿಕನ್ನರ ಕಾರುಗಳನ್ನೂ ನಿಲ್ಲಿಸಿ "ಹಣ್ಣಿದೆಯೇ?" ಎಂದು ಕೇಳುವ ತನಿಖಾ ಠಾಣೆಯಿದೆ. 2018ರಲ್ಲಿ ವಿಮಾನದಲ್ಲೇ ಕೊಟ್ಟ ಸೇಬೊಂದನ್ನು ಚೀಲದಲ್ಲಿಟ್ಟುಕೊಂಡು ಇಳಿದ ಅಮೆರಿಕದ ಪ್ರಯಾಣಿಕರೊಬ್ಬರಿಗೆ 500 ಡಾಲರ್ ದಂಡ ಬಿತ್ತು.

ಹಣ್ಣಿದೆಯೆಂದು ಮೊದಲೇ ಹೇಳಿದವರು ಹಣ್ಣನ್ನಷ್ಟೇ ಕಳೆದುಕೊಳ್ಳುತ್ತಾರೆ. ಮುಚ್ಚಿಟ್ಟವರು ಹಣವನ್ನೂ ಮಾನವನ್ನೂ ಕಳೆದುಕೊಳ್ಳುತ್ತಾರೆ. ಇದನ್ನು ಹೇಳಿದಾಗ ವೃದ್ಧೆ ಕೊಂಚ ಹೊತ್ತು ಸುಮ್ಮನಿದ್ದು, "ಹಾಗಾದರೆ ಇವರೂ ತೋಟದವರೇ ಅನ್ನು" ಎಂದರು. ಕೋಲಾರದ ಕಡೆ ಅವರಿಗೂ ಹತ್ತಾರು ಮಾವಿನ ಮರಗಳಿದ್ದುವಂತೆ. ಬೇರೊಬ್ಬರ ಮರಕ್ಕೆ ಹುಳು ಹತ್ತುವ ದುಃಖವನ್ನು ಅವರಿಗೆ ಯಾರೂ ವಿವರಿಸಬೇಕಾಗಿರಲಿಲ್ಲ.