ಡಬ್ಬಿಯೊಳಗೇನಿದೆ?

ನಮ್ಮ ಕಡೆ ಕಾಫಿ ಪುಡಿ ಕೊಳ್ಳುವಾಗ ಡಬ್ಬಿಯ ಮೇಲಿನ ಚಿತ್ರ ನೋಡಿ ಯಾರೂ ಮೋಸ ಹೋಗುವುದಿಲ್ಲ. ಅರೇಬಿಕಾ ಎಷ್ಟು, ರೊಬಸ್ಟಾ ಎಷ್ಟು, ಚಿಕೋರಿ ಎಷ್ಟು ಎಂದು ಕೇಳಿಯೇ ಕೇಳುತ್ತೇವೆ. ಬಾಬಾಬುಡನ್‌ಗಿರಿಯನ್ನು ದಿನಾ ಕಣ್ಣೆದುರು ಇಟ್ಟುಕೊಂಡವರಿಗೆ ಇಷ್ಟಾದರೂ ಬುದ್ಧಿ ಇರಬೇಡವೆ? ಆದರೆ ವಿಡಿಯೋ ಫೈಲಿನ ವಿಷಯಕ್ಕೆ ಬಂದಾಗ ಚೆನ್ನಾಗಿ ಓದಿಕೊಂಡವರೂ ಡಬ್ಬಿಯ ಹೆಸರನ್ನೇ ನಂಬಿಬಿಡುತ್ತಾರೆ. "ಎಂಪಿ4 ಕಳಿಸಿದ್ದೀನಲ್ಲ ಟೀಚರ್, ಯಾಕೆ ಬರ್ತಿಲ್ಲ?" ಎಂದು ನನ್ನ ಹಳೆಯ ವಿದ್ಯಾರ್ಥಿಗಳು ಫೋನಿನಲ್ಲಿ ಕೇಳಿದ್ದಕ್ಕೆ ಲೆಕ್ಕವಿಲ್ಲ.

ಎಂಪಿ4, ಎಂಒವಿ, ಎವಿಐ ಇವೆಲ್ಲ ಬರೀ ಡಬ್ಬಿಗಳು. ಒಳಗಿನ ಚಿತ್ರವನ್ನು ಯಾವ ಕ್ರಮದಲ್ಲಿ ಹಿಂಡಿ ಅಡಕಿದ್ದಾರೆ ಎನ್ನುವುದು ಬೇರೆಯೇ ಸಂಗತಿ. ಆ ಕ್ರಮಕ್ಕೆ ಕೋಡೆಕ್ ಎನ್ನುತ್ತಾರೆ. ಒಂದೇ ಎಂಪಿ4 ಡಬ್ಬಿಯೊಳಗೆ 2003ರಲ್ಲಿ ಬಂದ ಎಚ್.264 ಇರಬಹುದು, 2013ರಲ್ಲಿ ಬಂದ ಎಚ್.265 ಇರಬಹುದು. ಹಿಂಡಿದ್ದನ್ನು ಬಿಡಿಸುವ ವಿದ್ಯೆ ನಮ್ಮ ಕಂಪ್ಯೂಟರಿಗೆ ತಿಳಿದಿರದಿದ್ದರೆ ಮಾತು ಕೇಳುತ್ತದೆ, ಚಿತ್ರ ಕಪ್ಪು.

ಹಿಂದಿ ಅಲ್ಲ, ವಿಜ್ಞಾನವೂ ಅಲ್ಲ, ಕನ್ನಡ ಮತ್ತು ಸಮಾಜ ಪಾಠ ಮಾಡುವ ನನಗೆ ಇದೆಲ್ಲ ಗಂಟುಬಿದ್ದದ್ದು 2022ರಲ್ಲಿ. ನಮ್ಮ ಶಾಲೆಗೆ ಐವತ್ತು ವರ್ಷ ತುಂಬಿತ್ತು. ಅರ್ಧ ಗಂಟೆಯ ಚಿತ್ರವೊಂದನ್ನು ಮಾಡಿಸಬೇಕೆಂದು ಸಮಿತಿ ತೀರ್ಮಾನಿಸಿತು. 1997ರ ಬೆಳ್ಳಿ ಹಬ್ಬ ಕಂಡವರ ಪೈಕಿ ಶಾಲೆಯಲ್ಲಿ ಉಳಿದವಳು ನಾನೊಬ್ಬಳೇ ಆದ್ದರಿಂದ ಕೆಲಸ ನನ್ನ ತಲೆಗೆ ಬಂತು. ಮೂಡಿಗೆರೆಯಲ್ಲಿ ಸ್ಟುಡಿಯೋ ಇಟ್ಟುಕೊಂಡಿರುವ ನನ್ನ ಶಿಷ್ಯನೊಬ್ಬ ಎಡಿಟಿಂಗ್ ಒಪ್ಪಿಕೊಂಡ. ಶಾಲೆ ಬಿಟ್ಟ ಮೇಲೆ ಅವನ ಪಕ್ಕದ ಸ್ಟೂಲಿನಲ್ಲಿ ಕೂತೆ. ಹದಿನೈದು ಸಂಜೆ.

ಬೆಂಗಳೂರಿನಿಂದ, ದುಬೈಯಿಂದ, ಅಮೆರಿಕದಿಂದ ಮಕ್ಕಳು ಶುಭಾಶಯ ಹೇಳಿ ಕಳಿಸಿದ್ದರು. ಐಫೋನಿನವರದ್ದು ಮಾತು ಬಂತು, ಮುಖ ಬರಲಿಲ್ಲ. ಆ ಫೋನುಗಳು 2017ರಿಂದೀಚೆಗೆ ಎಚ್.265ರಲ್ಲಿ ತುಂಬುತ್ತವೆಯಂತೆ, ಸ್ಟುಡಿಯೋದ ಹಳೆಯ ಕಂಪ್ಯೂಟರಿಗೆ ಅದು ಗೊತ್ತಿಲ್ಲ. ಅದೇ ಫೈಲು ವಿಎಲ್‌ಸಿಯಲ್ಲಿ ಮಾತ್ರ ಸಲೀಸಾಗಿ ಓಡಿತು. ಪ್ಯಾರಿಸ್ಸಿನ ವಿದ್ಯಾರ್ಥಿಗಳು ಕಟ್ಟಿ ಪುಕ್ಕಟೆ ಹಂಚಿದ ಆ ತಂತ್ರಾಂಶ, ಬಿಡಿಸುವ ವಿದ್ಯೆಗಳನ್ನೆಲ್ಲ ತನ್ನ ಜೋಳಿಗೆಯಲ್ಲೇ ಇಟ್ಟುಕೊಂಡು ತಿರುಗುತ್ತದೆ. ವಾಟ್ಸಾಪಿನಲ್ಲಿ ವಿಡಿಯೋ ಎಂದೇ ಕಳಿಸಿದವರದ್ದು ಇನ್ನೊಂದು ಕಥೆ. ಅದು ಮತ್ತೊಮ್ಮೆ ಹಿಂಡಿ ಸಿಪ್ಪೆ ಮಾಡಿಕೊಡುತ್ತದೆ. "ಡಾಕ್ಯುಮೆಂಟ್ ಅಂತ ಕಳಿಸ್ರಪ್ಪಾ" ಎಂದು ಎಲ್ಲರಿಗೂ ಬರೆದೆ.

ಮತ್ತೊಂದು ಕಾಟ ತುಟಿ ಮತ್ತು ಮಾತಿನದು. ಆರಂಭದಲ್ಲಿ ಎರಡೂ ಜೊತೆಗಿರುತ್ತವೆ. ಐದು ನಿಮಿಷವಾಗುವಷ್ಟರಲ್ಲಿ ತುಟಿ ಮುಚ್ಚಿದ ಮೇಲೆ ಮಾತು ಬರುತ್ತದೆ, ಗುಡುಗಿನ ಹಾಗೆ. ಬೆಳಕು ಕಡಿಮೆಯಾದಾಗ ಫೋನು ಸೆಕೆಂಡಿಗೆ ತೆಗೆಯುವ ಚಿತ್ರಗಳ ಸಂಖ್ಯೆಯನ್ನು ತಾನೇ ಇಳಿಸುತ್ತದೆ, ಬೆಳಕು ಬಂದರೆ ಏರಿಸುತ್ತದೆ. ಎಡಿಟಿಂಗ್ ತಂತ್ರಾಂಶವೋ, ತಾಳ ತಪ್ಪದ ಸಂಗೀತದ ಮೇಷ್ಟ್ರ ಹಾಗೆ, ಸೆಕೆಂಡಿಗೆ ಇಪ್ಪತ್ತೈದು ಎಂದರೆ ಇಪ್ಪತ್ತೈದೇ ಎಂದು ಕೂತಿರುತ್ತದೆ. ಹ್ಯಾಂಡ್‌ಬ್ರೇಕ್ ಎಂಬ ಪುಕ್ಕಟೆ ತಂತ್ರಾಂಶದಲ್ಲಿ ಎಲ್ಲವನ್ನೂ ಮೊದಲೇ ಒಂದೇ ಲಯಕ್ಕೆ ತಂದು, ಆಮೇಲೆ ಕತ್ತರಿಗೆ ಕೈ ಹಾಕಬೇಕು. ಅಡುಗೆಗೆ ಮುಂಚೆ ಅಕ್ಕಿ ಆರಿಸಿಕೊಂಡ ಹಾಗೆ. ಇದನ್ನು ಹುಡುಗ ನನಗೆ ಹೇಳಿಕೊಟ್ಟ, ನಾನು ನಮ್ಮ ಗಣಿತದ ಮೇಷ್ಟ್ರಿಗೆ ಹೇಳಿಕೊಟ್ಟೆ. ಅವರು ನಂಬಲಿಲ್ಲ.

ಇವೆಲ್ಲ ಹೇಗೋ ನಡೆದವು. ನನಗೆ ಬೇಕಾಗಿದ್ದದ್ದು ಬೆಳ್ಳಿ ಹಬ್ಬದ ಕ್ಯಾಸೆಟ್ಟು. ಅದರಲ್ಲಿ ನಮ್ಮ ಹಿಂದಿ ಟೀಚರ ವಂದನಾರ್ಪಣೆಯಿದೆ. ಅವರು ತೀರಿಕೊಂಡದ್ದು 2001ರಲ್ಲಿ. ಮಗಳಿಗೆ ಆಗ ನಾಲ್ಕು ವರ್ಷ. ಮನೆಯಲ್ಲಿ ಫೋಟೋಗಳಿವೆ, ಅಮ್ಮನ ದನಿ ಎಲ್ಲಿಯೂ ಇಲ್ಲ. ಚಿತ್ರದ ಸುದ್ದಿ ಕೇಳಿ ಆ ಹುಡುಗಿ ಬೆಂಗಳೂರಿನಿಂದ ಫೋನು ಮಾಡಿ, "ಚಿಕ್ಕಮ್ಮಾ, ಅದು ಸಿಕ್ಕಿದ್ರೆ ನಂಗೆ ಮೊದ್ಲು ಹೇಳಿ" ಎಂದಿದ್ದಳು.

ಶಾಲೆಯ ಬೀರುವಿನಲ್ಲಿದ್ದ ಪ್ರತಿಯನ್ನು ತೆಗೆದರೆ ಟೇಪಿನ ಅಂಚಿನುದ್ದಕ್ಕೂ ಬಿಳಿ ಬೂಷ್ಟು. ನಮ್ಮ ಮಳೆಗಾಲ ಗೊತ್ತಲ್ಲ, ಚಪ್ಪಲಿಯನ್ನೇ ಬಿಡುವುದಿಲ್ಲ. ಅಂಥ ಟೇಪನ್ನು ವಿಸಿಆರಿಗೆ ಹಾಕಿದರೆ ಟೇಪೂ ಹರಿಯುತ್ತದೆ, ಯಂತ್ರದ ಹೆಡ್ಡೂ ಕೆಡುತ್ತದೆ. ಯಂತ್ರ ಕೆಟ್ಟರೆ ಹೊಸದು ಸಿಗುವುದಿಲ್ಲ. ಜಪಾನಿನ ಫುನಾಯ್ ಎಂಬ ಕೊನೆಯ ಕಂಪನಿ 2016ರ ಜುಲೈಗೇ ಅದನ್ನು ತಯಾರಿಸುವುದು ನಿಲ್ಲಿಸಿತು. ಎರಡನೆಯ ಪ್ರತಿ ಇದ್ದದ್ದು ಕಳಸದಲ್ಲಿ, ನಿವೃತ್ತ ಹೆಡ್‌ಮಾಸ್ಟರ ಮನೆಯಲ್ಲಿ. ಅವರ ಹೆಂಡತಿ ಅದನ್ನು ಒಲೆಮನೆಯ ಪಕ್ಕದ ಅಟ್ಟದಲ್ಲಿ, ಹಪ್ಪಳದ ಡಬ್ಬಿಯೊಳಗೆ ಬಟ್ಟೆ ಸುತ್ತಿ ಇಟ್ಟಿದ್ದರು. ಟೇಪಿಗೆ ತೀರಾ ಬಿಸಿಯೂ ಒಳ್ಳೆಯದಲ್ಲವಂತೆ. ಆದರೂ ಆ ತಾಯಿಯ ಹಪ್ಪಳದ ಶಾಸ್ತ್ರ ಸುಳ್ಳಾಗಲಿಲ್ಲ. ಕ್ಯಾಸೆಟ್ಟು ಗರಿಗರಿಯಾಗಿಯೇ ಇತ್ತು.

ಹುಡುಗ ತನ್ನ ಹಳೆಯ ಡಿವಿ ಕ್ಯಾಮೆರಾದ ಮೂಲಕ ಅದನ್ನು ಕಂಪ್ಯೂಟರಿಗೆ ಇಳಿಸಿದ. ಒಂದು ಗಂಟೆಗೆ ಸುಮಾರು 13 ಜಿಬಿ. ಪರದೆಯ ಮೇಲೆ ಯಾರಾದರೂ ಕೈ ಬೀಸಿದರೆ ಬೆರಳಂಚಿನಲ್ಲಿ ಬಾಚಣಿಗೆಯ ಹಲ್ಲಿನಂಥ ಗೆರೆಗಳು. ಹಳೆಯ ಟಿವಿ ಪದ್ಧತಿಯಲ್ಲಿ ಒಂದು ಚಿತ್ರವನ್ನು ಬೆಸ ಗೆರೆ, ಸಮ ಗೆರೆ ಎಂದು ಎರಡು ಕಂತಿನಲ್ಲಿ ಕಳಿಸುತ್ತಿದ್ದರು. ಸೆಕೆಂಡಿಗೆ ಐವತ್ತು ಕಂತು. ಈಗಿನ ಪರದೆ ಎರಡನ್ನೂ ಒಟ್ಟಿಗೆ ತೋರಿಸುವುದರಿಂದ ಹಲ್ಲು ಕಾಣುತ್ತದೆ. ಅದನ್ನು ಬಿಡಿಸಿ ನುಣುಪು ಮಾಡಿದ್ದಾಯಿತು.

ಆದರೆ ಹಿಂದಿ ಟೀಚರು ತೆರೆಯ ಮೇಲೆ ಬಂದಾಗ ನಾನು "ಇವರಲ್ಲ ಕಣೋ" ಎಂದುಬಿಟ್ಟೆ. ಉಬ್ಬಿದ ಕೆನ್ನೆ, ಗುಂಡು ಮೈ. ಬದುಕಿದ್ದಾಗ ಅವರು ಕಡ್ಡಿಯ ಹಾಗಿದ್ದರು. "ಹಳೇ ಟಿವಿಯ ನಾಲ್ಕಕ್ಕೆ ಮೂರರ ಚಿತ್ರ ಮೇಡಂ, ಹದಿನಾರಕ್ಕೆ ಒಂಬತ್ತಕ್ಕೆ ಎಳೆದುಬಿಟ್ಟಿದೆ" ಎಂದ ಅವನು. ಎರಡು ಪಕ್ಕಕ್ಕೂ ಕಪ್ಪು ಪಟ್ಟಿ ಬಿಟ್ಟು ಸರಿಮಾಡಿದ. ಅದೇ ನೀಲಿ ಅಂಚಿನ ಸೀರೆ, ಅದೇ ಸಪೂರ ಕುತ್ತಿಗೆ. ಸಮಿತಿಯವರೊಬ್ಬರು ಪರದೆ ತುಂಬಲಿ, ಪಟ್ಟಿ ಯಾಕೆ ಎಂದರು. ಅವರ ಹತ್ತಿರ ನಾನು ಸ್ವಲ್ಪ ಗಟ್ಟಿಯಾಗಿಯೇ ಮಾತಾಡಬೇಕಾಯಿತು.

ಹೆಸರು ಹಾಕುವಾಗ ನಮ್ಮ ಕನ್ನಡದ ಪಾಡು ಬೇರೆ. ಹಳೆಯ ನುಡಿ ಅಕ್ಷರದಲ್ಲಿ ಬೆರಳಚ್ಚು ಮಾಡಿದ್ದು, ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಬರೀ ಚಿತ್ರವಿಚಿತ್ರ ಗುರುತು. ಯೂನಿಕೋಡಿನಲ್ಲಿ ಬರೆದರೆ ಅವನ ಹಳೆಯ ತಂತ್ರಾಂಶದಲ್ಲಿ ಒತ್ತಕ್ಷರಗಳು ಬಿಡಿಬಿಡಿ. ಕಂಪ್ಯೂಟರಿಗೆ ಕನ್ನಡ ಸರಿಯಾಗಿ ಬರಬೇಕೆಂದು ತಲೆ ಕೆಡಿಸಿಕೊಂಡ ತೇಜಸ್ವಿಯವರು ಇದ್ದ ಊರಿನಲ್ಲೇ ಹೀಗೆ! ಕೊನೆಗೆ ಹೆಸರುಗಳನ್ನೆಲ್ಲ ಬೇರೆ ಕಡೆ ಬರೆದು, ಚಿತ್ರವಾಗಿ ಮಾಡಿ ಅಂಟಿಸಿದೆವು.

ಹಬ್ಬದ ಹಿಂದಿನ ದಿನ ಮಗಳು ಬಂದಳು. ಚಿತ್ರದಲ್ಲಿ ಅವಳ ಅಮ್ಮನಿಗೆ ಸಿಕ್ಕಿದ್ದು ನಲವತ್ತು ಸೆಕೆಂಡು. ಅವಳಿಗೆ ಕತ್ತರಿಸದ ಕ್ಯಾಸೆಟ್ಟು ಪೂರಾ ಬೇಕಿತ್ತು. 16 ಜಿಬಿಯ ಖಾಲಿ ಪೆನ್‌ಡ್ರೈವ್ ತಂದಿದ್ದಳು. 13 ಜಿಬಿಯ ಫೈಲು ಹಾಕಹೋದರೆ ಜಾಗವಿಲ್ಲ ಎಂದಿತು. ಫ್ಯಾಟ್32 ಎಂಬ ಹಳೆಯ ಪದ್ಧತಿಯಲ್ಲಿ ಅಚ್ಚುಕಟ್ಟು ಮಾಡಿದ ಪೆನ್‌ಡ್ರೈವಿನಲ್ಲಿ 4 ಜಿಬಿಗಿಂತ ದೊಡ್ಡ ಫೈಲು ಕೂರುವುದಿಲ್ಲ, ಎಷ್ಟೇ ಜಾಗವಿರಲಿ. ಹುಡುಗ ಅದನ್ನು ಎಕ್ಸ್‌ಫ್ಯಾಟಿಗೆ ಬದಲಿಸಿ ತುಂಬಿಕೊಟ್ಟ. ಫೋನಿನಲ್ಲಿ ನೋಡಲು ಎಚ್.264ರ ಸಣ್ಣ ಪ್ರತಿಯೊಂದನ್ನೂ ಮಾಡಿದ.

ಅವಳು ಅಲ್ಲೇ, ಸ್ಟುಡಿಯೋದ ಬೆಂಚಿನ ಮೇಲೆ ಕೂತು, ಕಿವಿಗೆ ಸಿಕ್ಕಿಸಿಕೊಂಡು ಕೇಳಿದಳು. ವಂದನೆ ಹೇಳುತ್ತಾ ಹೇಳುತ್ತಾ ಒಂದು ಕಡೆ ಟೀಚರು ನಿಲ್ಲಿಸಿ ಕೆಮ್ಮುತ್ತಾರೆ, "ಕ್ಷಮಿಸಿ" ಎನ್ನುತ್ತಾರೆ. ಚಿತ್ರದಲ್ಲಿ ನಾವು ಅದನ್ನು ತೆಗೆದಿದ್ದೆವು. ಆ ಹುಡುಗಿ ಅಲ್ಲಿಗೆ ಬಂದಾಗ ಬೆರಳಿಟ್ಟು ಹಿಂದಕ್ಕೆ ಸರಿಸಿದಳು, ಮತ್ತೆ ಕೇಳಿದಳು. ಹೊರಗೆ ಕಳಸದ ಕೊನೆಯ ಬಸ್ಸು ಹಾರ್ನ್ ಹೊಡೆಯುತ್ತಿತ್ತು. ಹುಡುಗ ಕಂಪ್ಯೂಟರ್ ಆರಿಸದೆ ಸುಮ್ಮನೆ ಕೂತಿದ್ದ.