ಒದ್ದೆ ಬೇರೆ, ಪಸೆ ಬೇರೆ

ಮನೆಯಲ್ಲಿ ಆಸೆಪಟ್ಟು ಜೆಲ್ಲಿ ಮಿಠಾಯಿ ಮಾಡಿ, ಚೌಕವಾಗಿ ಕತ್ತರಿಸಿ, ಬಿಳಿ ಸಕ್ಕರೆಯಲ್ಲಿ ಹೊರಳಿಸಿ ಡಬ್ಬಿಗೆ ತುಂಬಿ ಇಟ್ಟಿದ್ದೀರಿ ಎನ್ನಿ. ನೆಂಟರು ಬಂದಾಗ ಹೆಮ್ಮೆಯಿಂದ ಮುಚ್ಚಳ ತೆಗೆಯುತ್ತೀರಿ. ಒಳಗೆ ಸಕ್ಕರೆಯೂ ಇಲ್ಲ, ಚೌಕವೂ ಇಲ್ಲ. ತಳದಲ್ಲಿ ಅಂಟಂಟು ಪಾಕ, ಅದರೊಳಗೆ ಒಂದನ್ನೊಂದು ಅಪ್ಪಿಕೊಂಡು ಕುಳಿತ ಕೆಂಪು ಹಳದಿ ಮುದ್ದೆ! ನಿಮಗೆ ಎಂದಾದರೂ ಹೀಗಾಗಿದ್ದರೆ ನನ್ನ ಸಂಕಟ ನಿಮಗೆ ತಿಳಿಯುತ್ತದೆ. ಆಗಿಲ್ಲವಾದರೆ ನೀವು ಪುಣ್ಯವಂತರು. ಆದರೂ ಓದಿ, ಇದರಲ್ಲಿ ಮಿಠಾಯಿಯ ಜೊತೆಗೆ ನಮ್ಮ ಅತ್ತೆಯವರೂ ಇದ್ದಾರೆ.

ನನ್ನದು ಒಂದು ಡಬ್ಬಿಯಲ್ಲ, ಹತ್ತು ಕಿಲೋ. 2020ರ ಲಾಕ್‌ಡೌನ್‌ನಲ್ಲಿ ಮುಚ್ಚಿದ ನಮ್ಮವರ ಹೊಲಿಗೆ ಅಂಗಡಿ ಮತ್ತೆ ತೆರೆಯಿತಾದರೂ ಮೊದಲಿನಂತೆ ನಡೆಯಲಿಲ್ಲ. ಮಗಳು ಪಿ.ಯು.ಸಿ.ಗೆ ಬಂದಿದ್ದಳು. ಮನೆಯಲ್ಲೇ ಏನಾದರೂ ಮಾಡಿ ಮಾರೋಣವೆಂದು ಮಹಿಳಾ ಸಂಘದಲ್ಲಿ 15,000 ರೂಪಾಯಿ ಸಾಲ ತೆಗೆದೆ. ಚಕ್ಕುಲಿ, ಉಂಡೆ ನಮ್ಮ ಓಣಿಯಲ್ಲಿ ಮೂವರು ಮಾಡುತ್ತಾರೆ. ಸಕ್ಕರೆ ಹಚ್ಚಿದ ಜೆಲ್ಲಿ ಮಾಡುವವರು ಯಾರೂ ಇರಲಿಲ್ಲ. ಅಲ್ಲೇ ನಾನು ಜಾಣೆ ಅಂದುಕೊಂಡೆ ನೋಡಿ.

ಜೆಲ್ಲಿಯೇನೋ ಚೆನ್ನಾಗಿಯೇ ಬರುತ್ತಿತ್ತು. ನಾವು ಜೆಲಾಟಿನ್ ಮುಟ್ಟುವವರಲ್ಲ, ಅದು ಪ್ರಾಣಿಯ ಮೂಳೆ ಚರ್ಮದಿಂದ ತೆಗೆದದ್ದು. ನನ್ನದು ಅಗರ್ ಅಗರ್, ಅಂಗಡಿಯವರು ಚೈನಾ ಗ್ರಾಸ್ ಎನ್ನುತ್ತಾರಲ್ಲ, ಅದು. ಹುಲ್ಲಲ್ಲ, ಕಡಲಪಾಚಿ. ರಾಮೇಶ್ವರದ ಕಡೆ ಹೆಂಗಸರೇ ಸಮುದ್ರದಲ್ಲಿ ಮುಳುಗಿ ಇಂಥ ಪಾಚಿಯನ್ನು ಕಿತ್ತು ತರುತ್ತಾರೆ. ಅವರ ಕಷ್ಟದ ಮುಂದೆ ನಮ್ಮ ಒಲೆಯ ಮುಂದಿನ ಬೆವರು ಯಾವ ಲೆಕ್ಕ!

ಹತ್ತು ಗ್ರಾಂ ಅಗರ್‌ಗೆ ಎರಡು ಕಪ್ಪು ನೀರು, ಮೂರು ಕಪ್ಪು ಸಕ್ಕರೆ. ಅಗರ್ ನೀರಿನಲ್ಲಿ ನೆನೆದ ಮೇಲೆ ಕುದಿಸಿ, ಅದು ಪೂರ್ತಿ ಕರಗಿದ ಮೇಲೆಯೇ ಸಕ್ಕರೆ ಹಾಕಬೇಕು. ನಿಂಬೆರಸವನ್ನು ಒಲೆಯಿಂದ ಇಳಿಸಿದ ಮೇಲೆ ಹಿಂಡಬೇಕು. ಹುಳಿ ಹಾಕಿ ಕುದಿಸಿದರೆ ಅಗರ್‌ನ ಬಿಗಿ ಹೋಗುತ್ತದೆ. ತಟ್ಟೆಗೆ ಸುರಿದು, ಗಟ್ಟಿಯಾದ ಮೇಲೆ ಕತ್ತರಿಸಿ, ಫ್ಯಾನಿನ ಕೆಳಗೆ ಎರಡು ದಿನ ತಿರುವಿ ಹಾಕುತ್ತ ಒಣಗಿಸುವುದು. ಇಷ್ಟರವರೆಗೆ ತಪ್ಪಿರಲಿಲ್ಲ.

ತಪ್ಪಿದ್ದು ಆಮೇಲೆ. ಒಣಗಿದ ತುಂಡಿಗೆ ಸಕ್ಕರೆ ಹಿಡಿಯುವುದಿಲ್ಲ, ಜಾರಿ ಉದುರುತ್ತದೆ. ಅದಕ್ಕೆ ನಾನು, ಇಸ್ತ್ರಿ ಮಾಡುವ ಮುಂಚೆ ಬಟ್ಟೆಗೆ ನೀರು ಚಿಮುಕಿಸುತ್ತೇವಲ್ಲ, ಹಾಗೆ ಕೈಯಿಂದ ಚಿಮುಕಿಸಿ ಸಕ್ಕರೆಯಲ್ಲಿ ಹೊರಳಿಸಿದೆ. ಆಗ ಚಂದ ಕಂಡಿತು. ಹುಳಿಸಿಹಿ ಇರಲೆಂದು ಆ ಸಕ್ಕರೆಗೆ ಎರಡು ಚಮಚ ನಿಂಬೆಹುಳಿ ಉಪ್ಪನ್ನೂ ಬೆರೆಸಿದ್ದೆ. 2022ರ ಶ್ರಾವಣ, ಹೊರಗೆ ಬಿಡದ ಜಡಿಮಳೆ. ಹುಬ್ಬಳ್ಳಿಯ ಒಂದು ಅಂಗಡಿಗೆ ಹತ್ತು ಕಿಲೋ ಕಳಿಸಿದೆ. ಐದನೆಯ ದಿನ ಅದೇ ಟೆಂಪೋದಲ್ಲಿ ಎಲ್ಲವೂ ತಿರುಗಿ ಬಂತು.

ಡಬ್ಬಿ ತೆರೆದು ನಾನು ನೆಲದ ಮೇಲೆ ಕುಳಿತುಬಿಟ್ಟೆ. ಅತ್ತೆಯವರು ಬಂದು, ಒಂದು ತುಂಡನ್ನು ಬೆರಳ ಹಿಂಬದಿಯಿಂದ ಮುಟ್ಟಿ ನೋಡಿ, ಮೆಲ್ಲಗೆ ಅಂದರು: “ನೀರ ಹೆಚ್ಚಾತು ನೋಡ ತಂಗಿ. ಒದ್ದಿ ಬ್ಯಾರೆ, ಪಸಿ ಬ್ಯಾರೆ.”

ನನಗೆ ಎಲ್ಲಿತ್ತೋ ಸಿಟ್ಟು. “ನಿಮಗೇನ ತಿಳೀತದರೀ ಇದು? ಇದೇನ ಕುಸರೆಳ್ಳಲ್ಲ,” ಎಂದುಬಿಟ್ಟೆ.

ಅವರು ಮರುಮಾತಾಡಲಿಲ್ಲ. ಆದರೆ ಅಂದಿನಿಂದ ನಾನು ಒಲೆಯ ಮುಂದೆ ಇರುವಾಗ ಅಡುಗೆಮನೆಗೆ ಬರುವುದನ್ನೇ ಬಿಟ್ಟರು. ಊಟಕ್ಕೆ ಕರೆದರೆ ಬರುವರು, ತಟ್ಟೆ ತೊಳೆದಿಟ್ಟು ಹೋಗುವರು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಮಾತಿಲ್ಲದ ಮನೆಯಲ್ಲಿ ಇದ್ದವರಿಗೇ ಅದರ ಭಾರ ಗೊತ್ತು.

ಕುಸರೆಳ್ಳು ಎಂದರೇನೆಂದು ಮೈಸೂರು ಕಡೆಯ ಓದುಗರಿಗೆ ಹೇಳಬೇಕು. ನಿಮ್ಮಲ್ಲಿ ಸಂಕ್ರಾಂತಿಗೆ ಎಳ್ಳು, ಬೆಲ್ಲ, ಕೊಬ್ಬರಿ, ಸಕ್ಕರೆ ಅಚ್ಚು ಬೀರುತ್ತೀರಿ. ನಮ್ಮ ಧಾರವಾಡ, ಬೆಳಗಾವಿ ಸೀಮೆಯಲ್ಲಿ ಒಂದೊಂದು ಎಳ್ಳಿಗೂ ಸಕ್ಕರೆಯ ಕವಚ ತೊಡಿಸಿ, ಮೈಮೇಲೆ ಸಣ್ಣ ಮುಳ್ಳು ಬರಿಸಿ ಹಂಚುತ್ತೇವೆ. ಮದುವೆಯಾದ ಹೊಸತರಲ್ಲಿ ಮಗಳು ಅಳಿಯನಿಗೆ ಅದರಲ್ಲೇ ಸರ, ಬಳೆ, ಹಾರ ಪೋಣಿಸಿ ತೊಡಿಸುವುದೂ ಉಂಟು. ನಮ್ಮ ಅತ್ತೆಯವರು ಇದರಲ್ಲಿ ಊರಿಗೇ ಹೆಸರಾದವರು. ಹಾಲು ಹಾಕಿ ಕೊಳೆ ತೆಗೆದು ಸೋಸಿದ ತೆಳು ಪಾಕ, ಬೂದಿ ಮುಚ್ಚಿದ ಕೆಂಡದ ಶೇಗಡಿ, ಅದರ ಮೇಲೆ ಅಗಲ ಪರಾತ. ಎಳ್ಳಿನ ಮೇಲೆ ಸಣ್ಣ ಚಮಚದಲ್ಲಿ ಒಂದೇ ಒಂದು ಚಮಚ ಪಾಕ. ಆಮೇಲೆ ಬೆರಳಿನಿಂದ ಮೆಲ್ಲಗೆ ಸವರುತ್ತ ಸವರುತ್ತ ಒಣಗುವವರೆಗೂ ಕಾಯುವುದು. ಒಣಗಿತೋ, ಮತ್ತೊಂದು ಚಮಚ. ಹೀಗೆ ಮೂರು ನಾಲ್ಕು ಬೆಳಗು. ಚಳಿಯ ನಸುಕಿನಲ್ಲಿ ಮಾಡಿದರೇ ಮುಳ್ಳು ಚೆನ್ನಾಗಿ ಏಳುತ್ತದೆ ಎಂದು ಅವರ ನಂಬಿಕೆ. ಮದುವೆಯಾಗಿ ಬಂದ ಹೊಸತರಲ್ಲಿ ನನ್ನನ್ನು ಪಕ್ಕದಲ್ಲಿ ಕೂಡ್ರಿಸಿಕೊಳ್ಳಲು ನೋಡಿದ್ದರು. “ಪ್ಯಾಟ್ಯಾಗ ಸಿಗತಾವಲ್ರೀ” ಎಂದು ನಾನೇ ಎದ್ದು ಹೋಗಿದ್ದೆ.

ಅದೇ ವರ್ಷ ದೀಪಾವಳಿ ಕಳೆದು ಅಕ್ಕನ ಮನೆಗೆಂದು ಪುಣೆಗೆ ಹೋದೆ. ಅಕ್ಕನ ಮಗ ಅಲ್ಲಿ ಒಂದು ಮಿಠಾಯಿ ಕಾರ್ಖಾನೆಯಲ್ಲಿ ಮೆಕ್ಯಾನಿಕ್. ನನ್ನ ಪುರಾಣವೆಲ್ಲ ಕೇಳಿ, “ಬಾ ಚಿಗವ್ವ, ನಮ್ಮಲ್ಲಿ ಹೆಂಗ ಮಾಡತಾರ ನೋಡೀಯಂತ” ಎಂದು ಸಾಹೇಬರ ಅಪ್ಪಣೆ ಪಡೆದು ಕರೆದುಕೊಂಡು ಹೋದ. ಬಾಗಿಲಲ್ಲೇ ಗಾಜಿನ ಬಳೆ, ಕಿವಿಯೋಲೆ ಬಿಚ್ಚಿಸಿದರು. ಒಡೆದ ಚೂರು ಮಿಠಾಯಿಯಲ್ಲಿ ಬಿದ್ದರೆ? ನ್ಯಾಯವೇ. ತಲೆಗೆ ಟೊಪ್ಪಿಗೆ, ಕಾಲಿಗೆ ಚೀಲ. ಬರಿಗೈ ನೋಡಿಕೊಂಡು ಒಂಥರಾ ಆಯಿತು ಅನ್ನಿ.

ಒಳಗೆ ಅಚ್ಚೊತ್ತಿದ ಮೆಕ್ಕೆಜೋಳದ ಪಿಷ್ಟದ ಹಿಟ್ಟಿನ ಗುಳಿಗಳಲ್ಲಿ ಜೆಲ್ಲಿ ಹೊಯ್ದು, ಬಿಸಿ ಕೋಣೆಯಲ್ಲಿ ಒಣಗಿಸಿದ್ದರು. ಹೊರಗೆ ತೆಗೆದ ಕೂಡಲೇ ಮೊದಲು ಬ್ರಷ್ಷು, ಗಾಳಿ ಹಾಕಿ ಮೈಗೆ ಹತ್ತಿದ ಹಿಟ್ಟನ್ನು ಝಾಡಿಸುತ್ತಾರೆ. ಹಿಟ್ಟು ಉಳಿದರೆ ಮುಂದೆ ತೇವ ತಾಗಿದಾಗ ಅದು ಗಂಜಿಯಾಗಿಬಿಡುತ್ತದೆ.

ಮುಂದಿನದೇ ನಾನು ನೋಡಬೇಕಾಗಿದ್ದ ಯಂತ್ರ. ತಂತಿಜಾಳಿಗೆಯ ಒಂದು ಪಟ್ಟಿ ಮೆಲ್ಲಗೆ ಹರಿಯುತ್ತಿತ್ತು. ಅದರ ಮೇಲೆ ಜೆಲ್ಲಿಗಳು ಒಂದಕ್ಕೊಂದು ತಾಗದಂತೆ ಸಾಲಾಗಿ ಬಂದವು. ಒಂದು ಸಣ್ಣ ಗುಹೆಯಂಥ ಸ್ಟೀಲ್ ಪೆಟ್ಟಿಗೆಯೊಳಗೆ ಹೊಕ್ಕವು. ಅದರೊಳಗೆ ಮೇಲೂ ಕೆಳಗೂ ತೂತಿನ ಕೊಳವೆಗಳು, ಅವುಗಳಿಂದ ಹಬೆ. ಕೆಲವೇ ಕ್ಷಣ. ಆಚೆ ಬಂದಾಗ ಮಂಕಾಗಿದ್ದ ಜೆಲ್ಲಿಗಳೆಲ್ಲ ಎಣ್ಣೆ ಸವರಿದಂತೆ ಮಿರಮಿರ! ಆದರೆ ಒಂದು ಹನಿ ನೀರಿಲ್ಲ. ಅಲ್ಲಿಂದ ಸೀದಾ ಸಕ್ಕರೆಯ ಹಾಸಿಗೆ, ಮೇಲಿನಿಂದಲೂ ಸಕ್ಕರೆಯ ಮಳೆ, ಮುಂದೆ ಸ್ವಲ್ಪ ಇಳಿಜಾರಾಗಿ ಉರುಳುವ ಪೀಪಾಯಿ. ಹೆಚ್ಚಾದ ಸಕ್ಕರೆ ಜರಡಿಯಿಂದ ಕೆಳಗೆ ಬಿದ್ದು ಮತ್ತೆ ಮೇಲೆ ಹೋಗುತ್ತದೆ. ಕೊನೆಗೆ ಮತ್ತೆ ತಟ್ಟೆಗಳಲ್ಲಿ ಒಣಗಿಸುತ್ತಾರೆ.

“ನೀರ ಸಿಂಪಡಿಸಿದರ ಏನಾಕ್ಕಿತ್ತು?” ಎಂದೆ. ಹುಡುಗ ಚೆನ್ನಾಗಿ ಬಿಡಿಸಿ ಹೇಳಿದ. 100 ಗ್ರಾಂ ನೀರು ಸುಮಾರು 200 ಗ್ರಾಂ ಸಕ್ಕರೆಯನ್ನು ಕರಗಿಸಿಕೊಳ್ಳಬಲ್ಲದು. ಹನಿ ಬಿದ್ದಲ್ಲೆಲ್ಲ ಮೇಲೆ ಹಚ್ಚಿದ ಸಕ್ಕರೆ ಪಾಕವಾಗುತ್ತದೆ, ಆ ಪಾಕ ಒಣಗದೆ ಇಳಿಯುತ್ತದೆ. ಹಬೆಯ ಗುಣವೇ ಬೇರೆ. ತಣ್ಣಗಿರುವ ಮೈ ಸಿಕ್ಕ ಕಡೆಯೆಲ್ಲ ಅದು ಸಮನಾಗಿ, ಉಸಿರು ಬಿಟ್ಟ ಕನ್ನಡಿಯ ಮೇಲೆ ಮಂಜು ಕೂರುವಂತೆ ಕೂರುತ್ತದೆ. ಜೊತೆಗೆ ಶಾಖವನ್ನೂ ಬಿಡುತ್ತದೆ. ಒಂದು ಗ್ರಾಂ ನೀರು ಮಂಜಿನ ತಣ್ಣನೆಯಿಂದ ಕುದಿಯುವವರೆಗೆ ಬರಲು 100 ಕ್ಯಾಲೊರಿ ಬೇಕಾದರೆ, ಒಂದು ಗ್ರಾಂ ಹಬೆ ಬರೀ ನೀರಾಗಿ ಮಾರ್ಪಡುವಾಗಲೇ 540 ಕ್ಯಾಲೊರಿ ಬಿಟ್ಟುಕೊಡುತ್ತದೆ. ಕುಕ್ಕರಿನ ಹಬೆ ತಾಗಿದಾಗ ಕೈ ಅಷ್ಟು ಉರಿಯುವುದು ಅದಕ್ಕೇ. ಆ ಬಿಸಿಗೆ ಜೆಲ್ಲಿಯ ತೊಗಲು ಮಾತ್ರ ಸ್ವಲ್ಪ ಮೆತ್ತಗಾಗಿ ಅಂಟುತ್ತದೆ, ಒಳಗೆ ಏನೂ ಆಗುವುದಿಲ್ಲ. ಹಬೆಯಲ್ಲಿ ನೀರಹನಿ ಬೆರೆತು ಬರಬಾರದೆಂದು ಕೊಳವೆಗೆ ಬೇರೆಯೇ ಒಂದು ಸಾಧನ ಕೂರಿಸಿದ್ದರು.

ನನ್ನ ಇನ್ನೆರಡು ತಪ್ಪನ್ನೂ ಅವನೇ ಹಿಡಿದ. ನಿಂಬೆಹುಳಿ ಉಪ್ಪು ಬೆರೆತ ಸಕ್ಕರೆ ಬಲುಬೇಗ ನೀರು ಬಿಡುತ್ತದೆ. ಬರೀ ಸಕ್ಕರೆಯಾದರೂ ಗಾಳಿಯ ತೇವ ನೂರಕ್ಕೆ 85ರ ಆಸುಪಾಸು ದಾಟಿತೆಂದರೆ ತಾನೇ ಕರಗತೊಡಗುತ್ತದೆ. ಶ್ರಾವಣದ ಜಡಿಮಳೆಯಲ್ಲಿ ನಾನು ಮಾಡಿದ್ದು ಎರಡೂ!

ಇದೆಲ್ಲ ಸರಿ. ನನ್ನ ಕಣ್ಣಲ್ಲಿ ಉಳಿದದ್ದು ಬೇರೆ. ಆ ಪಟ್ಟಿಯ ಪಕ್ಕದಲ್ಲಿ ನಮ್ಮ ಅತ್ತೆಯವರಿಗಿಂತ ಹತ್ತು ವರ್ಷ ಚಿಕ್ಕವರಿರಬಹುದು, ಒಬ್ಬ ಬಾಯಿ ನಿಂತಿದ್ದರು. ಆಗಾಗ ಹಬೆಯಿಂದ ಹೊರಬಂದ ಒಂದು ಜೆಲ್ಲಿಯನ್ನು ಎತ್ತಿ, ಕೈಚೀಲ ತೊಟ್ಟ ಬೆರಳ ಹಿಂಬದಿಗೆ ತಾಗಿಸಿ ನೋಡುವರು. ಸರಿ ಕಾಣದಿದ್ದರೆ ಹಬೆಯ ಕೀಲಿಯನ್ನು ಒಂದಿಷ್ಟು ತಿರುಗಿಸುವರು. ಅಷ್ಟು ದೊಡ್ಡ ಯಂತ್ರ, ಕಟ್ಟಕಡೆಗೆ ಕೇಳುವುದು ಒಂದು ಬೆರಳನ್ನು! ಪಕ್ಕದ ಕೋಣೆಯಲ್ಲಿ ಓರೆಯಾಗಿ ತಿರುಗುವ ದೊಡ್ಡ ಗಡಿಗೆಯಂಥ ಪಾತ್ರೆಗಳಲ್ಲಿ ಬಡೇಸೋಪಿಗೆ ಸಕ್ಕರೆ ಹಚ್ಚುತ್ತಿದ್ದರು. ಸ್ವಲ್ಪ ಪಾಕ, ತಿರುಗಾಟ, ಬಿಸಿಗಾಳಿ, ಒಣಗಿದ ಮೇಲೆ ಮತ್ತೆ ಸ್ವಲ್ಪ ಪಾಕ. ಪರಾತವೂ ಶೇಗಡಿಯೂ ಇರಲಿಲ್ಲ, ಉಳಿದಂತೆ ನಮ್ಮ ಮನೆಯ ಕುಸರೆಳ್ಳೇ. ನಾನು ಮಾತಿಲ್ಲದೆ ಹೊರಗೆ ಬಂದು ಬಳೆ ತೊಟ್ಟುಕೊಂಡೆ.

ಊರಿಗೆ ಬಂದವಳು ಅತ್ತೆಯವರಿಗೆ ಏನೂ ಹೇಳಲಿಲ್ಲ. ಹೇಳಲು ಬಾಯಿ ಬರಲಿಲ್ಲ. ನಗಬೇಡಿ, ತಪ್ಪಾಯಿತು ಅನ್ನುವುದಕ್ಕಿಂತ ಹತ್ತು ಕಿಲೋ ಜೆಲ್ಲಿ ಮಾಡುವುದು ಸುಲಭ. ಇಡ್ಲಿ ಪಾತ್ರೆ ತೆಗೆದು ನೀರು ಕುದಿಯಲಿಟ್ಟೆ. ಜೆಲ್ಲಿಯನ್ನು ಜರಡಿಯಲ್ಲಿ ಹರಡಿ ಹಬೆಗೆ ಹಿಡಿದು ಮುಚ್ಚಿದೆ. ಜೆಲಾಟಿನ್ ಆಗಿದ್ದರೆ ಕರಗಿ ಹರಿಯುತ್ತಿತ್ತು. ಅಗರ್ ಒಮ್ಮೆ ಗಟ್ಟಿಯಾದರೆ 85 ಡಿಗ್ರಿಯ ಹತ್ತಿರ ಬರುವವರೆಗೆ ಕರಗದು, ಅಷ್ಟರಲ್ಲಿ ತೆಗೆದುಬಿಡಬಹುದು. ತೆಗೆದೆ. ಹೊಳಪೇನೋ ಬಂದಿತ್ತು. ಆದರೆ ಮುಚ್ಚಳದಿಂದ ತೊಟ್ಟಿಕ್ಕಿದ ನೀರು ಅಲ್ಲಲ್ಲಿ ಗುಳಿ ಮಾಡಿತ್ತು. ಕಾರ್ಖಾನೆಯ ಆ ಸಾಧನ ನಮ್ಮ ಮನೆಗೆ ಎಲ್ಲಿಂದ ತರಲಿ?

“ಮುಚ್ಚಳಕ್ಕ ಅರಿವಿ ಕಟ್ಟು.”

ತಿರುಗಿ ನೋಡಿದರೆ ಅಡುಗೆಮನೆಯ ಹೊಸ್ತಿಲಲ್ಲಿ ಅತ್ತೆಯವರು. “ಕಡಬಿಗೆ ಕಟ್ಟತೀವಲ್ಲ, ಹಂಗ.”

ಕಟ್ಟಿದೆ. ಜರಡಿ ಇಟ್ಟೆ. ಹತ್ತು ಎಣಿಸುವಷ್ಟರಲ್ಲಿ ತೆಗೆದೆ, ಇಕ್ಕಳದಿಂದ, ಮುಖ ಆಚೆ ಮಾಡಿ. ಅತ್ತೆಯವರು ಹತ್ತಿರ ಬಂದು ಬೆರಳ ಹಿಂಬದಿಯಿಂದ ಒಂದನ್ನು ಮುಟ್ಟಿದರು. ಬೆರಳಿಗೆ ಅಂಟಿದಂತಾಗಿ ಬಿಟ್ಟಿತು, ತೇವ ಹತ್ತಲಿಲ್ಲ.

“ಇದು ಪಸಿ,” ಎಂದರು. “ಹಾಕವಾ ಈಗ ಸಕ್ಕರಿ.”

ಅಗಲ ಪರಾತದಲ್ಲಿ ಸಕ್ಕರೆ ಹಾಕಿ ಇಬ್ಬರೂ ಅಲುಗಿಸಿದೆವು. ಆ ರಾತ್ರಿ ತಟ್ಟೆಯಲ್ಲೇ ಹರಡಿ ಒಣಗಿಸಿ, ಬೆಳಿಗ್ಗೆ ಡಬ್ಬಿಗೆ ತುಂಬಿದೆವು. ಹದಿನೈದು ದಿನ ಬಿಟ್ಟು ತೆರೆದಾಗಲೂ ಒಂದೊಂದು ಬಿಡಿಬಿಡಿಯಾಗಿತ್ತು. ನೀವು ಮಾಡುವುದಾದರೆ ಒಂದು ಸಲಕ್ಕೆ ಒಂದೇ ಪದರ ಇಡಿ, ಹಬೆಯಿಂದ ತೆಗೆದ ಕೂಡಲೇ ಸಕ್ಕರೆಗೆ ಹಾಕಿ. ತಡಮಾಡಿದರೆ ಪಸೆ ಆರಿಹೋಗುತ್ತದೆ. ಮಳೆಗಾಲದಲ್ಲಿ ಈ ಗೋಜಿಗೇ ಹೋಗಬೇಡಿ, ಚಕ್ಕುಲಿ ಮಾಡಿಕೊಳ್ಳಿ.

2023ರ ಸಂಕ್ರಾಂತಿಗೆ ಮುಂಚೆ, ನಸುಕಿನಲ್ಲಿ ಶೇಗಡಿ ಹೊತ್ತಿಸಿ ನಾನೇ ಅತ್ತೆಯವರನ್ನು ಎಬ್ಬಿಸಿದೆ. ಅವರ ಕೈ ಈಗ ನಡುಗುತ್ತದೆ, ಚಮಚ ಅವರು ಹಿಡಿಯಲಿಲ್ಲ. ಪಾಕ ನಾನು ಬಿಟ್ಟೆ, ಯಾವಾಗ ಬಿಡಬೇಕೆಂದು ಅವರು ಹೇಳಿದರು. ಮೊದಲ ದಿನ ಎರಡು ಸಲ ಅವಸರ ಮಾಡಿ ಎಳ್ಳೆಲ್ಲ ಗಂಟಾಯಿತು. ನಾಲ್ಕನೆಯ ಬೆಳಗಿಗೆ ಮುಳ್ಳು ಬಂತು, ದೊಡ್ಡದಲ್ಲ, ಕೈಗೆ ತಾಗುವಷ್ಟು. ಹಬ್ಬದ ದಿನ ಮೊದಲ ಮುಷ್ಟಿಯನ್ನು ಅವರ ಕೈಗೆ ಹಾಕಿ ಕಾಲಿಗೆ ಬಿದ್ದೆ. ಆ ಶ್ರಾವಣದ ಮಾತನ್ನು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಒಂದು ಕಾಳು ಬಾಯಿಗೆ ಹಾಕಿಕೊಂಡು, “ಪಾಕ ಇನ್ನೂ ತೆಳ್ಳಗ ಬೇಕಿತ್ತು” ಎಂದರು.

ಹುಬ್ಬಳ್ಳಿಯ ಅಂಗಡಿಯವರು ಮತ್ತೆ ಕೇಳಲಿಲ್ಲ. ನಮ್ಮೂರಿನ ಎರಡು ಅಂಗಡಿಗಳಿಗೆ ಕೊಡುತ್ತೇನೆ, ಚಳಿ ಬೇಸಿಗೆಯಲ್ಲಿ ಮಾತ್ರ. ಸಂಘದ ಸಾಲ ತೀರಲು ಒಂದೂವರೆ ವರ್ಷ ಹಿಡಿಯಿತು.