ನಾಲ್ಕು ಊರು, ಒಂದು ಬಾಲಚುಕ್ಕಿ

ಬೆಳಗಾವಿ ಜಿಲ್ಲೆಯ ಕಿತ್ತೂರಿನಿಂದ ಹೊರಟು ಬೈಲಹೊಂಗಲ, ಸವದತ್ತಿಗಳನ್ನು ಹಾಯ್ದು ರಾಮದುರ್ಗವನ್ನು ಮುಟ್ಟುವ ದಾರಿ ಒಂದು ದಿನದ ಪಯಣಕ್ಕಿಂತ ಹೆಚ್ಚಿನದಲ್ಲ. ಆದರೆ ಈ ಒಂದೇ ದಾರಿಯಲ್ಲಿ ಎರಡು ನಾಡುಗಳು ಎದುರಾಗುತ್ತವೆ. ಪಡುವಣದಲ್ಲಿ ಮಲೆನಾಡಿನ ಸೆರಗು, ಹಸುರು ಗದ್ದೆ, ಬೇಗನೆ ಮೋಡ ಕವಿಯುವ ಬಾನು. ಮೂಡಣಕ್ಕೆ ಸರಿದಂತೆ ಎರೆಮಣ್ಣಿನ ಹೊಲ, ಕಲ್ಲುಗುಡ್ಡ, ದಿಗಂತದವರೆಗೂ ತಡೆಯಿಲ್ಲದ ಆಕಾಶ. ಯಾತ್ರಿಕರು ಈ ಸೀಮೆಗೆ ಬರುವುದು ರಾಣಿ ಚೆನ್ನಮ್ಮಾಜಿಯ ಕೋಟೆಯನ್ನೂ ಸಮಾಧಿಯನ್ನೂ, ಎಲ್ಲಮ್ಮನ ಗುಡ್ಡವನ್ನೂ, ಮಲಪ್ರಭೆಯ ಅಣೆಕಟ್ಟನ್ನೂ ಕಾಣುವುದಕ್ಕೆ. ನಾವು 2024ರ ಅಕ್ಟೋಬರ್ ತಿಂಗಳಲ್ಲಿ ಈ ನಾಲ್ಕೂ ಊರುಗಳಿಗೆ ಹೋದುದು ಬಾನಿಗೆ ಬಂದಿದ್ದ ಒಬ್ಬ ಅತಿಥಿಯನ್ನು ಕಾಣುವುದಕ್ಕೆ. ಆ ಅತಿಥಿಯನ್ನು ಪಂಡಿತರು ಧೂಮಕೇತು ಎನ್ನುತ್ತಾರೆ, ನಮ್ಮ ಹಳ್ಳಿಗರು ಬಾಲಚುಕ್ಕಿ ಎನ್ನುತ್ತಾರೆ.

ಈ ಬಾಲಚುಕ್ಕಿಯ ಹೆಸರು ನಮ್ಮ ನಾಲಿಗೆಗೆ ತುಸು ತೊಡಕಿನದು: ತ್ಸುಚಿನ್‌ಷಾನ್–ಅಟ್ಲಾಸ್. 2023ರ ಜನವರಿಯಲ್ಲಿ ಚೀನದ ಒಂದು ವೀಕ್ಷಣಾಲಯವೂ ಫೆಬ್ರವರಿಯಲ್ಲಿ ದಕ್ಷಿಣ ಆಫ್ರಿಕದ ಒಂದು ದೂರದರ್ಶಕವೂ ಇದನ್ನು ಬೇರೆ ಬೇರೆಯಾಗಿ ಗುರುತಿಸಿದ್ದರಿಂದ ಎರಡರ ಹೆಸರೂ ಕೂಡಿಕೊಂಡವು. 2024ರ ಸೆಪ್ಟೆಂಬರ್ 27ರಂದು ಅದು ಸೂರ್ಯನಿಂದ ಸುಮಾರು 5.8 ಕೋಟಿ ಕಿಲೋಮೀಟರ್ ದೂರದಲ್ಲಿ ಹಾದುಹೋಯಿತು. ಅಕ್ಟೋಬರ್ 12ರಂದು ನಮ್ಮ ಭೂಮಿಗೆ ಸುಮಾರು 7 ಕೋಟಿ ಕಿಲೋಮೀಟರಿನಷ್ಟು ಸಮೀಪಿಸಿತು. ಧೂಮಕೇತುವೆಂದರೆ ಧೂಳು ಬೆರೆತ ಹಿಮದ ಗಡ್ಡೆ. ಸೂರ್ಯನ ಕಾವು ತಗುಲಿದಾಗ ಆ ಹಿಮ ಆವಿಯಾಗಿ, ಧೂಳನ್ನೂ ಜೊತೆಗೊಯ್ದು, ಸೂರ್ಯನಿಗೆ ವಿಮುಖವಾದ ದಿಕ್ಕಿನಲ್ಲಿ ಬಾಲವಾಗಿ ಚಾಚಿಕೊಳ್ಳುತ್ತದೆ. ಆದುದರಿಂದ ಧೂಮಕೇತು ಸೂರ್ಯನಿಂದ ಹಿಂದಿರುಗುವಾಗ ಅದರ ಬಾಲವೇ ಮುಂದೆ ಹೋಗುತ್ತದೆ! ದೊರೆಗೆ ಬೆನ್ನು ತೋರದೆ ಹಿಂದೆ ಸರಿಯುವ ಆಸ್ಥಾನಿಕನಂತೆ ಅದರ ನಡೆ.

ನಮ್ಮ ತಲೆಮಾರಿನವರಿಗೆ ಬಾಲಚುಕ್ಕಿಗಳು ಹೊಸತಲ್ಲ. 1986ರಲ್ಲಿ ಹ್ಯಾಲಿ ಬಂದಿತು. 1996ರ ಮಾರ್ಚಿನಲ್ಲಿ ಹ್ಯಾಕುತಾಕೆ, 1997ರ ಮಾರ್ಚ್–ಏಪ್ರಿಲಿನಲ್ಲಿ ಹೇಲ್–ಬಾಪ್ ಬಂದವು. ಹೇಲ್–ಬಾಪ್ ಧೂಮಕೇತುವನ್ನು ಸಂಜೆಯ ವಾಯವ್ಯದಲ್ಲಿ ಮಠದ ಮಾಳಿಗೆಯ ಮೇಲಿಂದ ದಿನದಿನವೂ ನೋಡುತ್ತಿದ್ದೆವು; ದುರ್ಬೀನಿನ ಅಗತ್ಯವೇ ಇರಲಿಲ್ಲ. 2020ರ ಜುಲೈಯಲ್ಲಿ ನಿಯೋವೈಸ್ ಬಂದಾಗ ಮಳೆಗಾಲದ ಮೋಡ ಅದನ್ನು ನಮ್ಮಿಂದ ಮರೆಸಿತು. ಹೀಗಾಗಿ ಈ ಸಲ ನಾಲ್ಕು ಊರುಗಳಲ್ಲಿ ನಾಲ್ಕು ಸಲ ಪ್ರಯತ್ನಿಸುವುದೆಂದು ನಿಶ್ಚಯಿಸಿದೆವು. ಏಳು ಪಟ್ಟು ಹಿಗ್ಗಿಸಿ ತೋರುವ ಒಂದು ದುರ್ಬೀನು, ಒಂದು ಕಂಬಳಿ, ಒಂದು ಪಂಚಾಂಗ, ಇಷ್ಟೇ ನಮ್ಮ ಸಾಮಗ್ರಿ.

ಪಂಚಾಂಗ ಏಕೆಂದು ಓದುಗ ಬಂಧುಗಳು ಕೇಳಬಹುದು. ಮುಹೂರ್ತ ನೋಡುವುದಕ್ಕಲ್ಲ, ಚಂದ್ರನ ಲೆಕ್ಕಕ್ಕೆ. ಬೆಳುದಿಂಗಳಲ್ಲಿ ಬಾಲಚುಕ್ಕಿಯ ನಸುಬೆಳಕು ಕರಗಿಹೋಗುತ್ತದೆ. ನಮ್ಮ ರೈತರಿಗಂತೂ ಈ ಲೆಕ್ಕ ಮನೆಯ ಮಾತು. ಸೂರ್ಯ ಯಾವ ನಕ್ಷತ್ರದಲ್ಲಿ ಇರುವನೋ ಆ ನಕ್ಷತ್ರದ ಹೆಸರನ್ನೇ ಮಳೆಗೆ ಇಟ್ಟು ಹಸ್ತಿ ಮಳೆ, ಚಿತ್ತಿ ಮಳೆ, ಸ್ವಾತಿ ಮಳೆ ಎನ್ನುವವರು ಅವರು. ಓದುಬರಹ ಅರಿಯದ ಒಕ್ಕಲಿಗನೂ ಖಗೋಳದ ಒಂದು ಪಾಠವನ್ನು ನಾಲಿಗೆಯ ಮೇಲೆ ಹೊತ್ತು ತಿರುಗುತ್ತಿರುವನೆಂಬುದನ್ನು ನಾವು ಮರೆಯಬಾರದು.

ಮೊದಲ ಪ್ರಯತ್ನ ಸವದತ್ತಿಯಲ್ಲಿ. ಹಸ್ತಿ ಮಳೆಯ ದಿನಗಳು. ಅಕ್ಟೋಬರ್ 2, ಮಹಾಲಯ ಅಮಾವಾಸ್ಯೆ. ರಟ್ಟರ ಕಾಲದ ಸುಗಂಧವರ್ತಿಯೇ ಇಂದಿನ ಸವದತ್ತಿ. ಊರಿನ ಪಡುವಣಕ್ಕೆ ರೇಣುಕಾ ಸಾಗರದ ಹಿನ್ನೀರು, ಮೂಡಣಕ್ಕೆ ಎಲ್ಲಮ್ಮನ ಗುಡ್ಡ. ಭಾರತ ಹುಣ್ಣಿಮೆಗೆ ಲಕ್ಷಾಂತರ ಭಕ್ತರು ಏರುವ ಆ ಗುಡ್ಡದ ಆಚೆ ಬಯಲು ಮೂಡಣಕ್ಕೆ ತೆರೆದುಕೊಳ್ಳುತ್ತದೆ. ಗುಡಿಯ ವಿದ್ಯುದ್ದೀಪಗಳಿಗೆ ಬೆನ್ನುಮಾಡಿ, ನಸುಕಿನ ಐದು ಗಂಟೆಗೆ ಒಂದು ಬಂಡೆಯ ಮೇಲೆ ಕುಳಿತೆವು. ದೂರದಲ್ಲಿ ಗಾಳಿಯಂತ್ರಗಳ ಕೆಂಪು ದೀಪಗಳು ಮಿನುಗುತ್ತಿದ್ದವು. ಮೋಡದ ಎರಡು ಪಟ್ಟಿಗಳ ನಡುವೆ ಅರ್ಧ ಗಂಟೆಯ ಮಟ್ಟಿಗೆ ಒಂದು ಕಂಡಿ ತೆರೆಯಿತು. ದುರ್ಬೀನಿನಲ್ಲಿ, ದಿಗಂತದಿಂದ ತುಸುವೇ ಮೇಲೆ, ಊದಿನಕಡ್ಡಿಯ ಕಿಡಿಯಿಂದ ನೇರ ಮೇಲಕ್ಕೆದ್ದ ಹೊಗೆಯ ಎಳೆಯಂತೆ ಅದು ನಿಂತಿತ್ತು. ಧೂಮಕೇತು, ಹೊಗೆಯೇ ಧ್ವಜವಾದದ್ದು ಎಂಬ ಹೆಸರು ಎಷ್ಟು ಅನ್ವರ್ಥವೆಂದು ಆ ಹೊತ್ತಿನಲ್ಲಿ ಅರಿವಾಯಿತು. ಬೆಳಕು ಹರಿಯುತ್ತಿದ್ದಂತೆ ದುರ್ಬೀನನ್ನು ಕೆಳಗಿಳಿಸಿದೆವು. ಮೂಡುವ ಸೂರ್ಯನತ್ತ ಅದನ್ನು ತಿರುಗಿಸುವುದು ಕಣ್ಣನ್ನೇ ಕಳೆದುಕೊಳ್ಳುವ ದಾರಿ; ಮಕ್ಕಳಿಗೆ ಇದನ್ನು ಮೊದಲೇ ಹೇಳಿರಬೇಕು.

ಎರಡನೆಯ ಪ್ರಯತ್ನ ಬೈಲಹೊಂಗಲದಲ್ಲಿ. ಅಕ್ಟೋಬರ್ 14ರ ಹೊತ್ತಿಗೆ ಬಾಲಚುಕ್ಕಿ ಸೂರ್ಯನನ್ನು ದಾಟಿ ಸಂಜೆಯ ಪಡುವಣಕ್ಕೆ ಬಂದಿತ್ತು. ಶುಕ್ರನಿಗೂ ಸ್ವಾತಿ ನಕ್ಷತ್ರಕ್ಕೂ ನಡುವೆ ಅದನ್ನು ಹುಡುಕಬೇಕಿತ್ತು. ಆದರೆ ಚಿತ್ತಿ ಮಳೆ ತನ್ನ ಹಕ್ಕನ್ನು ಬಿಡಲಿಲ್ಲ. ಚೆನ್ನಮ್ಮಾಜಿಯ ಸಮಾಧಿಯ ದರ್ಶನ ಪಡೆದು ಹೊರಗೆ ನಿಂತೆವು. ಮೋಡ ಹರಿದು ಶುಕ್ರ ಮಾತ್ರ ಒಮ್ಮೆ ಮುಖ ತೋರಿ ಮರೆಯಾಯಿತು. ನಮ್ಮೊಡನೆ ನಿಂತಿದ್ದ ಹಿರಿಯ ವ್ಯಾಪಾರಿಯೊಬ್ಬರು, “ಕಿತ್ತೂರ ಬೀಳೂ ಮುಂಚೇನೂ ಬಾಲಚುಕ್ಕಿ ಮೂಡಿತ್ತಂತ್ರೀ ಗುರುಗಳ. ಈ ವರ್ಷ ಮತ್ತ ಬಂದೈತಿ. ಏನ್ ಕಾದೈತೋ?” ಎಂದರು.

ಈ ಮಾತನ್ನು ನಕ್ಕು ತಳ್ಳಿಹಾಕುವಂತಿಲ್ಲ. 1823ರ ಡಿಸೆಂಬರ್ ಕೊನೆಯಿಂದ 1824ರ ಆರಂಭದವರೆಗೆ ಒಂದು ದೊಡ್ಡ ಧೂಮಕೇತು ಬಾನಿನಲ್ಲಿ ಇದ್ದುದು ನಿಜ. ಸೂರ್ಯನಿಗೆ ವಿಮುಖವಾದ ಬಾಲದೊಂದಿಗೆ ಸೂರ್ಯನ ಕಡೆಗೇ ಚಾಚಿದ ಇನ್ನೊಂದು ಬಾಲವೂ ಅದಕ್ಕೆ ಕಂಡಿತ್ತು. ಭೂಮಿಯು ಧೂಮಕೇತುವಿನ ಕಕ್ಷೆಯ ಸಮತಲವನ್ನು ದಾಟುವಾಗ, ದಾರಿಯಲ್ಲಿ ಅದು ಚೆಲ್ಲಿಹೋದ ಧೂಳಿನ ಹಾಳೆ ಅಂಚಿನಿಂದ ಕಂಡು ಹೀಗೆ ಬಾಲದಂತೆ ತೋರುತ್ತದೆ. 2024ರ ಅಕ್ಟೋಬರ್ ನಡುವಿನಲ್ಲಿಯೂ ಇಂತಹ ವಿರುದ್ಧ ಬಾಲ ಕಂಡಿತು. ಇಷ್ಟು ಹೋಲಿಕೆ ಉಂಟು. ಆದರೆ 1824ರ ಸೆಪ್ಟೆಂಬರಿನಲ್ಲಿ ಶಿವಲಿಂಗರುದ್ರಸರ್ಜನು ತೀರಿಕೊಂಡ ಮೇಲೆ ದತ್ತು ಮಗನನ್ನು ಒಪ್ಪದೆ ಹೋದದ್ದು ಯಾರು? ಅಕ್ಟೋಬರ್ 23ರಂದು ಕೋಟೆಯ ಮುಂದೆ ಸೈನ್ಯ ತಂದು ನಿಲ್ಲಿಸಿ ಪ್ರಾಣ ತೆತ್ತ ಥ್ಯಾಕರೆಯನ್ನು ಕಳುಹಿದ್ದು ಯಾರು? ಡಿಸೆಂಬರಿನಲ್ಲಿ ಕೋಟೆಯನ್ನು ಹಿಡಿದು, ರಾಣಿಯನ್ನು ಇದೇ ಬೈಲಹೊಂಗಲದಲ್ಲಿ 1829ರ ಫೆಬ್ರವರಿ 2ರಂದು ಕೊನೆಯುಸಿರು ಎಳೆಯುವವರೆಗೂ ಸೆರೆಯಲ್ಲಿಟ್ಟದ್ದು ಯಾರು? ಈಸ್ಟ್ ಇಂಡಿಯಾ ಕಂಪನಿ ಸರಕಾರವೇ ಹೊರತು ಬಾಲಚುಕ್ಕಿಯಲ್ಲ. ಕೇಡಿನ ಹೊಣೆಯನ್ನು ಆಕಾಶದ ಮೇಲೆ ಹೊರಿಸಿದರೆ ನೆಲದ ಮೇಲಿನ ಅಪರಾಧಿ ಸುಮ್ಮನೆ ಪಾರಾಗುತ್ತಾನೆ. ಆ ತಾಯಿಯ ಸಮಾಧಿಯ ಎದುರಿನಲ್ಲಿ ನಿಂತು ಆ ಮಾತನ್ನು ಆಡುವುದು ಸಲ್ಲದೆಂದು ಹಿರಿಯರಿಗೆ ವಿನಯದಿಂದಲೇ ತಿಳಿಸಿದೆವು. ಅವರು ಬಹಳ ಹೊತ್ತು ಮೌನವಾಗಿದ್ದು, “ಹೌದ್ರಿ, ಅದೂ ಖರೇ” ಎಂದರು.

ಮೂರನೆಯದು ಕಿತ್ತೂರು. ಅಕ್ಟೋಬರ್ 20ರ ಸಂಜೆ. ದಂಗೆಯ ಇನ್ನೂರನೆಯ ವರ್ಷದ ಉತ್ಸವಕ್ಕೆ ಊರು ಸಿಂಗರಗೊಳ್ಳುತ್ತಿತ್ತು. ಕೋಟೆಯ ಸುತ್ತ ದೀಪದ ಸರಗಳು ಏರುತ್ತಿದ್ದವು. ಈ ಅರಮನೆಯ ಅವಶೇಷಗಳಲ್ಲಿ ಧ್ರುವ ನಕ್ಷತ್ರವನ್ನು ನೋಡುವುದಕ್ಕೆಂದು ಇರಿಸಿದ ಒಂದು ಕಿಂಡಿಯುಂಟು. ಕಿತ್ತೂರು ಭೂಮಧ್ಯರೇಖೆಯಿಂದ ಉತ್ತರಕ್ಕೆ ಹದಿನೈದೂವರೆ ಅಂಶಗಳಿಗೆ ತುಸು ಮೇಲಿರುವುದರಿಂದ ಧ್ರುವನೂ ಅಲ್ಲಿ ದಿಗಂತದಿಂದ ಹೆಚ್ಚುಕಡಿಮೆ ಅಷ್ಟೇ ಎತ್ತರದಲ್ಲಿ ಕಾಣುತ್ತಾನೆ. ಇದನ್ನು ಅರಿತು ಗೋಡೆಯಲ್ಲಿ ದಾರಿ ಬಿಟ್ಟ ಕುಶಲಿಗಳು ಆಕಾಶವನ್ನು ಅಂಜಿಕೆಯಿಂದಲ್ಲ, ಅಳತೆಯಿಂದ ನೋಡಿದವರು. ಸ್ಥಿರವೆಂದು ನಾವು ಕೊಂಡಾಡುವ ಧ್ರುವನೂ ಪೂರ್ಣ ಸ್ಥಿರನಲ್ಲ. ಇನ್ನೂರು ವರ್ಷಗಳ ಹಿಂದೆ ಆಕಾಶದ ಉತ್ತರ ಬಿಂದುವಿನಿಂದ ಒಂದೂವರೆ ಅಂಶಕ್ಕೂ ಹೆಚ್ಚು ದೂರವಿದ್ದ ಆ ತಾರೆ ಇಂದು ಒಂದು ಅಂಶಕ್ಕಿಂತಲೂ ಹತ್ತಿರ ಸರಿದಿದೆ. ಬಾಲಚುಕ್ಕಿ ವಾರದಲ್ಲಿ ಸರಿಯುವುದನ್ನು ಧ್ರುವ ಶತಮಾನಗಳಲ್ಲಿ ಸರಿಯುತ್ತಾನೆ.

ಚಂದ್ರೋದಯಕ್ಕೆ ಎಂಟು ಗಂಟೆ ಕಳೆಯಬೇಕಿತ್ತು. ಕೋಟೆಯ ದೀಪಗಳಿಂದ ದೂರ, ಹೊಲದ ಬದುವಿನ ಮೇಲೆ ನಿಂತು ಕಣ್ಣು ಕತ್ತಲೆಗೆ ಒಗ್ಗಲು ಇಪ್ಪತ್ತು ನಿಮಿಷ ಕಾದೆವು. ಅನಂತರ ಪಡುವಣ ಬಾನಿನ ನಡುಮಟ್ಟದಲ್ಲಿ, ದುರ್ಬೀನಿಲ್ಲದೆಯೇ, ಮಂಜಿನಂತಹ ತಲೆಯೂ ಮೇಲಕ್ಕೆ ಬಾಗಿದ ಬಾಲವೂ ತೋರಿದವು. ನೇರವಾಗಿ ದಿಟ್ಟಿಸಿದರೆ ಮಸುಕು, ಓರೆಗಣ್ಣಿನಿಂದ ನೋಡಿದರೆ ಸ್ಪಷ್ಟ! ಮಂದ ಬೆಳಕನ್ನು ಕಣ್ಣಿನ ಅಂಚೇ ಚೆನ್ನಾಗಿ ಹಿಡಿಯುತ್ತದೆ. ನಮ್ಮ ಸುತ್ತ ನೆರೆದಿದ್ದ ಐದಾರು ಹುಡುಗರಿಗೆ ಈ ಉಪಾಯವನ್ನು ಕಲಿಸಿದೊಡನೆ ಒಬ್ಬೊಬ್ಬರೂ “ಕಂಡಿತ್ರೀ, ಕಂಡಿತ್ರೀ” ಎಂದು ಕೂಗಿದರು.

ಕೊನೆಯದು ರಾಮದುರ್ಗ. ದೀಪಾವಳಿಗೆ ಮೂರು ದಿನ ಮೊದಲು, ಅಕ್ಟೋಬರ್ 28. ಮಲಪ್ರಭೆಯ ದಂಡೆಯ ಈ ನೇಕಾರರ ಊರಿನ ಹೊರಗೆ ಪರಿಚಿತ ಒಕ್ಕಲು ಮನೆತನವೊಂದರ ಹೊಲದಲ್ಲಿ ಇಳಿದುಕೊಂಡೆವು. ಹಿಂಗಾರಿ ಬಿತ್ತನೆಯ ಕಾಲ. ಹಸಿ ಎರೆಮಣ್ಣಿನ ವಾಸನೆ. ನಾಲ್ಕೂ ಊರುಗಳಲ್ಲಿ ಅತ್ಯಂತ ಗಾಢವಾದ ಕತ್ತಲೆ ಸಿಕ್ಕಿದ್ದು ಇಲ್ಲಿಯೇ. ಆದರೆ ಬಾಲಚುಕ್ಕಿ ಆ ಹೊತ್ತಿಗೆ ದೂರ ಸರಿದು ದುರ್ಬೀನಿಗೆ ಮಾತ್ರ ನಿಲುಕುವಷ್ಟು ಸೊರಗಿತ್ತು. ಮನೆಯವರೆಲ್ಲ ಹೊರಗೆ ಬಂದರು, ಏಳು ತಿಂಗಳ ಬಸುರಿ ಸೊಸೆಯೊಬ್ಬಳನ್ನು ಬಿಟ್ಟು. ಹದಿನೈದು ದಿನಗಳಿಂದ ಹೊತ್ತು ಮುಳುಗಿದ ಮೇಲೆ ಅವಳನ್ನು ಹೊಸ್ತಿಲು ದಾಟಲು ಬಿಟ್ಟಿರಲಿಲ್ಲ. ಮೊಬೈಲಿನಲ್ಲಿ ಬಂದ ಯಾವುದೋ ಸುದ್ದಿ ಮನೆಯ ಹಿರಿಯ ತಾಯಿಯ ಎದೆಯಲ್ಲಿ ನಾಟಿತ್ತು.

“ನಮ್ಮತ್ತಿ ಹೇಳತಿದ್ಲು, ಬಾಲಚುಕ್ಕಿ ಮೂಡಿದ ಮ್ಯಾಲ ಪ್ಲೇಗ್ ಬಂದು ಊರಾಗಿನ ಮಂದಿ ಎಲ್ಲಾ ಹೊಲದಾಗ ಗುಡಸಲಾ ಹಾಕ್ಕೊಂಡಿದ್ರಂತ. ಅಂಜಿಕಿ ಬರೂದಿಲ್ಲೇನ್ರಿ ಗುರುಗಳ?” ಎಂದರು ಆ ತಾಯಿ.

“ಅವ್ವಾ, ಈ ಸೀಮೆಗೆ ಪ್ಲೇಗು ಬಂದು ಹುಬ್ಬಳ್ಳಿಯೇ ಬರಿದಾದದ್ದು 1898ರ ಸುಮಾರಿಗೆ. ನಿಮ್ಮ ಹಿರಿಯರು ಕಂಡ ದೊಡ್ಡ ಬಾಲಚುಕ್ಕಿ ಹ್ಯಾಲಿ ಇದ್ದೀತು. ಅದು ಬಂದದ್ದು 1910ರಲ್ಲಿ. ಮೊದಲು ಬಂದ ಬೇನೆಗೆ ಹನ್ನೆರಡು ವರ್ಷ ಆಮೇಲೆ ಬಂದ ಚುಕ್ಕಿ ಹೇಗೆ ಕಾರಣವಾದೀತು?” ಎಂದೆವು.

ಮುಂದೆ ಇನ್ನಷ್ಟು ಹೇಳಿದೆವು. ಆರನೆಯ ಶತಮಾನದ ವರಾಹಮಿಹಿರನು ಬೃಹತ್ಸಂಹಿತೆಯಲ್ಲಿ ಕೇತುಗಳ ಫಲಗಳನ್ನು ವಿಸ್ತಾರವಾಗಿ ಹೇಳಿದ್ದಾನೆ. ಅಲ್ಲಿಯೇ ಕೇತುಗಳು 101 ಎಂದು ಕೆಲವರ ಮತ, 1000 ಎಂದು ಕೆಲವರ ಮತ, ಒಂದೇ ಕೇತು ಹಲವು ರೂಪಗಳಲ್ಲಿ ಬರುವುದೆಂದು ನಾರದನ ಮತವೆಂದೂ ಬರೆದಿದ್ದಾನೆ. ಹಿಂದಿರುಗಿ ಬರುವ ಕೇತುವೂ ಉಂಟೆಂಬುದನ್ನು ಲೆಕ್ಕದಿಂದ ಸಾಧಿಸಿದವನು ಎಡ್ಮಂಡ್ ಹ್ಯಾಲಿ. 1531, 1607, 1682ರಲ್ಲಿ ಬಂದದ್ದು ಒಂದೇ ಧೂಮಕೇತು, ಅದು 1758ರಲ್ಲಿ ಮತ್ತೆ ಬರುವುದೆಂದು ಅವನು ಹೇಳಿದ. ಆ ವರ್ಷದ ಡಿಸೆಂಬರ್ 25ರಂದು ಅದನ್ನು ಮೊದಲು ಕಂಡವನು ಜರ್ಮನಿಯ ಪಾಲಿಟ್ಸ್ ಎಂಬ ಒಬ್ಬ ಒಕ್ಕಲಿಗ. ಹ್ಯಾಕುತಾಕೆಯನ್ನು ಕಂಡದ್ದು ಒಂದು ದೊಡ್ಡ ದುರ್ಬೀನಿನಿಂದ, ಒಬ್ಬ ಹವ್ಯಾಸಿ. ಹೇಲ್–ಬಾಪ್ ಕಂಡ ಇಬ್ಬರಲ್ಲಿ ಬಾಪ್ ಎಂಬವನು ಸ್ವಂತ ದೂರದರ್ಶಕವೇ ಇಲ್ಲದೆ ಗೆಳೆಯನದರಲ್ಲಿ ನೋಡಿದವನು. ದಿನ ಹೇಳಿ ಬರುವ ಅತಿಥಿ ಕೇಡಿನ ದೂತನಾಗುವುದು ಹೇಗೆ? ವಾರ, ತಿಥಿ, ನಕ್ಷತ್ರಗಳಲ್ಲಿ ಕೆಡುಕನ್ನು ಕಾಣಬಾರದೆಂದು ಶರಣರು ಹನ್ನೆರಡನೆಯ ಶತಮಾನದಲ್ಲಿಯೇ ತಿಳಿಸಿದರಲ್ಲವೇ? ಕೊರಳಲ್ಲಿ ಲಿಂಗವಿರುವಾಗ ಅಂಜಿಕೆ ಏಕೆ?

ತಾಯಿ ಉತ್ತರ ಕೊಡಲಿಲ್ಲ. ದುರ್ಬೀನನ್ನು ಕೈಗೆ ತೆಗೆದುಕೊಂಡು, ನಾವು ತೋರಿದ ಕಡೆಗೆ ಎತ್ತಿ ಬಹಳ ಹೊತ್ತು ಹುಡುಕಿದರು. “ಇಷ್ಟ ಸಣ್ಣದೇನ್ರಿ?” ಎಂದು ಕೇಳಿದರು. ಆಮೇಲೆ ಮೊಮ್ಮಗನನ್ನು ಕರೆದು, “ನಿಮ್ಮ ಕಾಕೂಗ ಶಾಲು ಹೊಚ್ಚಿ ಕರಕೊಂಡ ಬಾ. ಥಂಡಿ ಭಾಳ ಐತಿ” ಎಂದರು. ಹದಿನೈದು ದಿನಗಳ ನಂತರ ಆ ಹೆಣ್ಣುಮಗಳು ಅಂಗಳಕ್ಕೆ ಬಂದು, ಬಾಲಚುಕ್ಕಿಯನ್ನಷ್ಟೇ ಅಲ್ಲ, ಮೊದಲು ಕತ್ತೆತ್ತಿ ಇಡೀ ಆಕಾಶವನ್ನು ನೋಡಿದಳು.

ನಮ್ಮ ಮನೆತನಗಳಿಗೆ ಒಂದೆರಡು ಬಿನ್ನಹಗಳು. ಊರ ಬೆಳಕು ಹೆಚ್ಚಿದಂತೆ ನಕ್ಷತ್ರಗಳು ಕಡಿಮೆಯಾಗುತ್ತಿವೆ. ಮಾಳಿಗೆಯ ದೀಪವನ್ನು ಕೆಲಹೊತ್ತು ಆರಿಸಿದರೆ ಹೋಗುವುದೇನೂ ಇಲ್ಲ. ಮಕ್ಕಳಿಗೆ ಮಳೆ ನಕ್ಷತ್ರಗಳ ಹೆಸರನ್ನು ಹೇಳಿ, ಆಯಾ ತಾರೆಗಳು ಇರುಳಿನಲ್ಲಿ ಕಾಣುವ ತಿಂಗಳಿನಲ್ಲಿ ಬೆರಳು ಮಾಡಿ ತೋರಿಸಿರಿ. ನಮ್ಮ ದೇಶದ ವೇಣು ಬಾಪು ಅವರು 1949ರಲ್ಲಿ ಹಾರ್ವರ್ಡಿನಲ್ಲಿ ವಿದ್ಯಾರ್ಥಿಯಾಗಿದ್ದಾಗ ಕಂಡ ಧೂಮಕೇತು ಬಾಪು–ಬೋಕ್–ನ್ಯೂಕರ್ಕ್ ಎಂದು ಇಂದಿಗೂ ಅವರ ಹೆಸರನ್ನು ಹೊತ್ತಿದೆ. ಮುಂದೆ ಅವರೇ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯನ್ನು ಮುನ್ನಡೆಸಿದರು. ಅಂತಹ ಮಗು ಎರೆಸೀಮೆಯಲ್ಲಿಯೂ ಹುಟ್ಟಬಾರದೇಕೆ?

ಹ್ಯಾಲಿ ಮತ್ತೆ ಸೂರ್ಯನ ಬಳಿಗೆ ಬರುವುದು 2061ರ ಜುಲೈಯಲ್ಲಿ. ಆ ಹೊತ್ತಿಗೆ ನಾವು ಇರುವುದಿಲ್ಲ. ರಾಮದುರ್ಗದ ಆ ಮನೆಯಲ್ಲಿ 2025ರ ಆರಂಭದಲ್ಲಿ ಹೆಣ್ಣುಮಗು ಹುಟ್ಟಿದೆ, ತಾಯಿಮಗು ಕ್ಷೇಮ. ಹ್ಯಾಲಿ ಬರುವಾಗ ಆ ಮಗುವಿಗೆ 36 ವರ್ಷ. ಜುಲೈ ಮಳೆಗಾಲವಾದುದರಿಂದ ಮೋಡ ಹರಿಯುವವರೆಗೆ ಕಾಯುವ ತಾಳ್ಮೆಯನ್ನು ಅವಳಿಗೆ ಈಗಿನಿಂದಲೇ ಕಲಿಸಿರೆಂದು ಅಜ್ಜಿಗೆ ಹೇಳಿಕಳುಹಿಸಿದ್ದೇವೆ.